ಮೂರನೇ ಬೋಳಿನ ಸೊನ್ನೆ

ಹಕ್ಕಿ ಎಣಿಸುವ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಹೇಳಬೇಕಾದ ಮೊದಲ ಮಾತನ್ನು ನನಗೆ ಯಾರೂ ಹೇಳಲಿಲ್ಲ. ಮೂವತ್ತು ವರ್ಷ ನಾನೂ ಯಾರಿಗೂ ಹೇಳಲಿಲ್ಲ. ಈಗ ಹೇಳುತ್ತೇನೆ: ಈ ಕೆಲಸದಲ್ಲಿ ಎಲ್ಲಕ್ಕಿಂತ ಕೆಟ್ಟ ಅಂಕಿ ಸೊನ್ನೆ. ನಲವತ್ತು ಹಕ್ಕಿಯನ್ನು ಐವತ್ತು ಎಂದು ಬರೆದರೆ ಮುಂದಿನ ವರ್ಷ ಹೋದವನು ತಿದ್ದುತ್ತಾನೆ. ಸೊನ್ನೆ ಬರೆದರೆ ಮುಂದಿನ ವರ್ಷ ಅಲ್ಲಿಗೆ ಯಾರೂ ಹೋಗುವುದಿಲ್ಲ.

ನಾನು ಒಂದು ಸಂಸ್ಥೆಯಲ್ಲಿ ಸಮೀಕ್ಷಕನಾಗಿದ್ದೆ. ರಸ್ತೆ, ವಿದ್ಯುತ್ ಕಂಬ, ಪ್ರವಾಸಿ ತಾಣ, ಏನೇ ಬರುವುದಿದ್ದರೂ ಅಲ್ಲಿ ಯಾವ ಹಕ್ಕಿ ಎಷ್ಟಿದೆ ಎಂದು ಪಟ್ಟಿ ಕೊಡುವುದು ನಮ್ಮ ಕೆಲಸ. ಪಟ್ಟಿ ಕೊಟ್ಟ ಮೇಲೆ ರಸ್ತೆ ಬಂದೇ ಬರುತ್ತಿತ್ತು. ಹಾಗಿದ್ದರೆ ಪಟ್ಟಿ ಯಾಕೆ ಎಂದು ಕೇಳುವ ಧೈರ್ಯ ನನಗೆ ಮೊದಲ ಹತ್ತು ವರ್ಷ ಇರಲಿಲ್ಲ. ಆಮೇಲೆ ಕೇಳುವ ಉತ್ಸಾಹ ಇರಲಿಲ್ಲ.

ನಿವೃತ್ತಿಯ ದಿನ ಶಾಲು ಹೊದಿಸಿ, ಮಾತಾಡಿ ಎಂದರು. ನಾನು ಎಂದಿನಂತೆ ಮೂರನೇ ಬೋಳು ಎಂಬ ಬೆಟ್ಟದ ಕಥೆ ಹೇಳಿದೆ. ಮಂಜು ಮುಚ್ಚಿ ಏನೂ ಕಾಣದ ದಿನ ನಾನು ಸಂಖ್ಯೆಯ ಕಲಂನಲ್ಲಿ ಅಡ್ಡಗೆರೆ ಎಳೆದದ್ದು, ಆಫೀಸಿನಲ್ಲಿ ಕುಳಿತವರು ಅದನ್ನು ಸೊನ್ನೆ ಮಾಡಿದ್ದು. ಅಡ್ಡಗೆರೆ ಎಂದರೆ ನೋಡಲಾಗಲಿಲ್ಲ. ಸೊನ್ನೆ ಎಂದರೆ ನೋಡಿದೆ, ಇಲ್ಲ. ಇವೆರಡರ ನಡುವಿನ ವ್ಯತ್ಯಾಸದಲ್ಲಿ ಒಂದು ಬೆಟ್ಟ ಹೋಯಿತು ಎಂದು ಮುಗಿಸಿದೆ. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಎಷ್ಟೋ ಕಾಲೇಜುಗಳಲ್ಲಿ ಈ ಕಥೆ ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದೇನೆ. ನಾನು ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿದವನು. ಪುರಾವೆ ಇಲ್ಲದೆ ಏನನ್ನೂ ನಂಬಬಾರದು ಎಂದು ಕಲಿತವನು. ಆದರೆ ಈ ಕಥೆಗೆ ಪುರಾವೆ ಎಲ್ಲಿದೆ ಎಂದು ನನ್ನನ್ನು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಕೇಳಿದವಳು ಪೊನ್ನಮ್ಮ. ಹುದಿಕೇರಿಯವಳು, ಇನ್ನೂ ಮೂವತ್ತಾಗಿಲ್ಲ, ಹುಲ್ಲುಗಾವಲಿನ ಹಕ್ಕಿಗಳ ಮೇಲೆ ಕೆಲಸ ಮಾಡುತ್ತಿದ್ದಾಳೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕುಶಾಲನಗರದ ನಮ್ಮ ಮನೆಗೆ ಫೋನ್ ಮಾಡಿದಳು.

"ಸರ್, ನಿಮ್ಮ ಮೂರನೇ ಬೋಳಿನ ಕಥೆ ಕಾಲೇಜಲ್ಲಿ ಕೇಳಿದ್ದೆ. ಆ ಹಾಳೆ ಬೇಕಿತ್ತು."

"ಯಾವ ಹಾಳೆ?"

"ನೀವು ಅಡ್ಡಗೆರೆ ಹಾಕಿದ್ದು. ಮೂಲಪ್ರತಿ ಆಫೀಸಲ್ಲಿ ಸಿಗ್ತಾ ಇಲ್ಲ. ಆಗೆಲ್ಲ ಕಾರ್ಬನ್ ಇಟ್ಟು ಬರೀತಿದ್ರಂತಲ್ಲ, ನಿಮ್ಮ ಹತ್ರ ಕಾಪಿ ಇರ್ಬೇಕಲ್ಲ ಸರ್?"

"ಗೆದ್ದಲು ತಿಂದಿದೆ," ಎಂದೆ. ಯೋಚಿಸದೆ ಬಾಯಿಂದ ಬಂತು.

ವಿಷಯ ಏನೆಂದರೆ, ಕರಿಕೆಗೆ ಇಳಿಯುವ ಘಾಟಿಯ ಮೇಲ್ಗಡೆ, ಶೋಲಾ ಕಾಡಿನ ನೆತ್ತಿಯ ಮೇಲೆ, ಸಾಲಾಗಿ ಹುಲ್ಲಿನ ಬೆಟ್ಟಗಳಿವೆ. ನಕ್ಷೆಯಲ್ಲಿ ಅವಕ್ಕೆ ಹೆಸರಿಲ್ಲ. ಸಮೀಕ್ಷೆಯ ಅನುಕೂಲಕ್ಕೆಂದು ನಾವೇ ಒಂದನೇ ಬೋಳು, ಎರಡನೇ ಬೋಳು ಎಂದು ಕರೆದೆವು. ಹಾಗೆ ಕರೆದದ್ದೇ ಮೊದಲ ಅನ್ಯಾಯ. ಸೊಂಟ ಮುಳುಗುವ ಹುಲ್ಲು, ಹುಲ್ಲಿನ ಬುಡದಲ್ಲಿ ನೀರು, ನೀರಿನ ಬದಿಯಲ್ಲಿ ಕಪ್ಪೆ, ಮೇಲೆ ಗಾಳಿಯಲ್ಲಿ ನಿಂತಲ್ಲೇ ನಿಂತ ಚಾಣ. ಇದು ಬೋಳೇ? ಮರವಿಲ್ಲದ ನೆಲವೆಲ್ಲ ಪಾಳು ಎಂದು ಬರೆಯುವ ಜನರ ಕೆಳಗೆ ಕೆಲಸ ಮಾಡಿ ನಮ್ಮ ನಾಲಿಗೆಯೂ ಹಾಗೇ ಆಯಿತು.

ಆ ಹುಲ್ಲಿನಲ್ಲಿ ಇರುವ ಒಂದು ಹಕ್ಕಿ ಅಗಲ ಬಾಲದ ಹುಲ್ಲುಹಕ್ಕಿ. ಕಂದು ಬಣ್ಣ, ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡದು, ಬಾಲ ಮಾತ್ರ ಬೀಸಣಿಗೆಯಂತೆ. ಪಶ್ಚಿಮ ಘಟ್ಟದ ಎತ್ತರದ ಹುಲ್ಲು ಬಿಟ್ಟರೆ ಅದಕ್ಕೆ ಬೇರೆ ಮನೆ ಇಲ್ಲ. ಹಾರುವುದಕ್ಕಿಂತ ಹುಲ್ಲಿನ ಬುಡದಲ್ಲಿ ಓಡುವುದೇ ಹೆಚ್ಚು. ಈ ವರ್ಷ ಪೊನ್ನಮ್ಮ ಮೂರನೇ ಬೋಳಿನ ಕೆಳಗಿನ ತಗ್ಗಿನಲ್ಲಿ ಒಂದನ್ನು ಕಂಡು, ಮಸುಕಾದ ಒಂದು ಫೋಟೋ ತೆಗೆದಿದ್ದಳು. ಅದೇ ತಗ್ಗಿನಲ್ಲಿ ಈಗ ಜೀಪು ನಿಲ್ದಾಣ ಮತ್ತು ಟೆಂಟುಗಳು ಬರಲಿವೆ. ಅವಳು ಆಕ್ಷೇಪಣೆ ಸಲ್ಲಿಸಿದಾಗ ಬಂದ ಉತ್ತರ: ಹಿಂದಿನ ಸಮೀಕ್ಷೆಯಲ್ಲಿ ಈ ಹಕ್ಕಿಯ ಸಂಖ್ಯೆ ಸೊನ್ನೆ, ಆದ್ದರಿಂದ ಈಗ ಕಂಡದ್ದು ದಾರಿ ತಪ್ಪಿ ಬಂದ ಒಂಟಿ ಹಕ್ಕಿ, ಅಲ್ಲಿಯ ನಿವಾಸಿ ಅಲ್ಲ.

"ನಿಮ್ಮ ಅಡ್ಡಗೆರೆ ಸಿಕ್ಕಿದ್ರೆ ಆ ಸೊನ್ನೆ ಬಿದ್ದುಹೋಗುತ್ತೆ ಸರ್. ಹಾಳೆ ಇಲ್ಲದಿದ್ರೆ ಒಂದು ಪತ್ರ ಆದ್ರೂ ಬರೆದುಕೊಡಿ. ಸೋಮವಾರ ವಿಚಾರಣೆ ಇದೆ. ಅದಕ್ಕೆ ಮೊದಲು ಒಂದ್ಸಲ ನನ್ನ ಜೊತೆ ಬೆಟ್ಟಕ್ಕೆ ಬನ್ನಿ."

ಬರುತ್ತೇನೆ ಎಂದೆ.

ಇಲ್ಲಿ ಹಿಂದಕ್ಕೆ ಹೋಗಬೇಕು. ಕೆಲಸಕ್ಕೆ ಸೇರಿದ ಎರಡನೇ ವರ್ಷ ನನ್ನನ್ನು ಮಾಕುಟ್ಟದ ಕಾಡಿಗೆ ಕಳಿಸಿದ್ದರು. ನಮ್ಮ ಹಾಳೆಯಲ್ಲಿ ಹಕ್ಕಿಯ ಹೆಸರಿನ ಮುಂದೆ 'ಕಂ' ಅಥವಾ 'ಕೇ' ಎಂದು ಬರೆಯಬೇಕು. ಕಂಡದ್ದು, ಇಲ್ಲವೇ ಕೇಳಿದ್ದು. ದಟ್ಟ ಕಾಡಿನಲ್ಲಿ ಕಾಣುವುದು ಕಡಿಮೆ, ಕೇಳುವುದೇ ಹೆಚ್ಚು. ಹಾವು ತಿನ್ನುವ ಹದ್ದಿನ ಕೂಗು ಸ್ಪಷ್ಟವಾಗಿ ಕೇಳಿತು. 'ಕೇ' ಎಂದು ಬರೆದೆ. ಮರುದಿನವೂ ಕೇಳಿತು, ಬರೆದೆ. ಮೂರನೇ ದಿನ ಆ ಕೂಗು ಬಂದ ಮರದ ಕೆಳಗೇ ನಿಂತು ತಲೆ ಎತ್ತಿದರೆ, ಕೊಂಬೆಯ ಮೇಲೆ ಒಂದು ಭೀಮರಾಜ ಬಾಲದ ಎರಡು ಎಳೆಗಳನ್ನು ಇಳಿಬಿಟ್ಟುಕೊಂಡು ಹದ್ದಿನ ಹಾಗೆ ಕೂಗುತ್ತಿತ್ತು. ಆಮೇಲೆ ಅಳಿಲಿನ ಹಾಗೆ. ಆಮೇಲೆ ಮತ್ತೆ ಹದ್ದಿನ ಹಾಗೆ. ಊರಿನ ಮಕ್ಕಳಿಗೂ ಗೊತ್ತಿರುವ ವಿಷಯ, ಭೀಮರಾಜ ಅಣಕಿಸುತ್ತದೆ ಎಂದು. ಎಂ.ಎಸ್ಸಿ. ಮಾಡಿದವನಿಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಮೊದಲ ಎರಡು ದಿನದ ಹಾಳೆಗಳು ಆಫೀಸಿಗೆ ಹೋಗಿದ್ದವು. ನಾನೇ ಹೋಗಿ ತಪ್ಪು ಒಪ್ಪಿಕೊಂಡೆ. ನಮ್ಮ ನಿರ್ದೇಶಕರು ಕಾಡನ್ನು ಜೀಪಿನ ಕಿಟಕಿಯಿಂದ ಮಾತ್ರ ಬಲ್ಲವರು, ಆದರೆ ಮನುಷ್ಯನನ್ನು ಎಲ್ಲಿ ಚುಚ್ಚಬೇಕು ಎಂದು ಚೆನ್ನಾಗಿ ಬಲ್ಲವರು. ವಾರದ ಸಭೆಯಲ್ಲಿ ಎಲ್ಲರ ಮುಂದೆ ನನ್ನನ್ನು ಎದ್ದು ನಿಲ್ಲಲು ಹೇಳಿದರು.

"ನೋಡ್ರಪ್ಪ, ನಮ್ಮ ಕುಶಾಲನಗರದ ವಿಜ್ಞಾನಿಗಳು! ಕಿವಿಯಲ್ಲೇ ಹದ್ದು ನೋಡ್ಕೊಂಡು ಬಂದಿದ್ದಾರೆ. ನಾಳೆ ಮೂಗಲ್ಲಿ ಆನೆ ಎಣಿಸ್ತಾರೆ. ಚಪ್ಪಾಳೆ ತಟ್ಟಿ."

ತಟ್ಟಿದರು. ನಿವೃತ್ತಿಯ ದಿನ ತಟ್ಟಿದವರಲ್ಲಿ ಇಬ್ಬರು ಅಂದೂ ತಟ್ಟಿದ್ದರು. ತಪ್ಪನ್ನು ತಾನೇ ಬಂದು ಹೇಳಿದವನನ್ನು ಹಾಗೆ ನಿಲ್ಲಿಸಿದ ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇಂದಿಗೂ ಆರಿಲ್ಲ. ಅಂದಿನಿಂದ ನಾನು ಹಾಳೆಯಲ್ಲಿ 'ಕೇ' ಎಂದು ಬರೆಯುವುದನ್ನೇ ಬಿಟ್ಟೆ. ಕಣ್ಣಿಗೆ ಬೀಳದ್ದು ನನ್ನ ಪಾಲಿಗೆ ಇಲ್ಲ. ಇದನ್ನು ನಾನು ಶಿಸ್ತು ಎಂದು ಕರೆಯುತ್ತಿದ್ದೆ. ಕಿರಿಯರಿಗೂ ಕಲಿಸಿದೆ. ಅದು ಶಿಸ್ತಲ್ಲ, ಹೆದರಿಕೆ. ಆ ಹೆಸರಿಡಲು ಇಷ್ಟು ವರ್ಷ ಬೇಕಾಯಿತು.

ಮೂರನೇ ಬೋಳಿನ ಸಮೀಕ್ಷೆ ಬಂದದ್ದು ಅದಾಗಿ ಸುಮಾರು ಹತ್ತು ವರ್ಷದ ಮೇಲೆ. ದಾರಿ ತೋರಿಸಲು ಕರಿಕೆಯ ಕುಶಾಲಪ್ಪ ಎಂಬವರನ್ನು ಗೊತ್ತು ಮಾಡಿದ್ದರು. ನನಗಿಂತ ನಾಲ್ಕೈದು ವರ್ಷ ಹಿರಿಯರು. ಅರೆಭಾಷೆ ಮನೆಮಾತು, ನನ್ನ ಜೊತೆ ಕನ್ನಡ, ಕಾಸರಗೋಡಿನ ಕಡೆಯಿಂದ ಬರುವವರ ಜೊತೆ ಮಲಯಾಳ. ಶಾಲೆಗೆ ಹೋದವರಲ್ಲ. ಆದರೆ ಹುಲ್ಲಿನಲ್ಲಿ ಏನು ಅಲುಗಿದರೂ ಅದು ಗಾಳಿಯೋ ಜೀವವೋ ಎಂದು ಹೇಳುತ್ತಿದ್ದರು. ಹುಲ್ಲುಹಕ್ಕಿಗೆ ಅವರು ಇಟ್ಟಿದ್ದ ಹೆಸರು ಇಲಿಹಕ್ಕಿ. ಅದು ಓಡುವುದನ್ನು ಕಂಡವರು ಮಾತ್ರ ಇಡಬಹುದಾದ ಹೆಸರು.

ನಾಲ್ಕು ದಿನ ಮೇಲಿದ್ದೆವು. ಮೊದಲ ಮೂರು ದಿನ ಬರೀ ಮಂಜು. ಚಾಚಿದ ಕೈಯ ಬೆರಳೂ ಕಾಣದು. ನಾಲ್ಕನೆಯ ದಿನ ಬೆಳಿಗ್ಗೆ ಮಂಜು ಸ್ವಲ್ಪ ಹೊತ್ತು ಎದ್ದಿತು. ನಾನು ಮೂರನೇ ಬೋಳಿನ ನೆತ್ತಿಯ ಬಂಡೆಯ ಮೇಲೆ ನಿಂತು ದುರ್ಬೀನಿನಲ್ಲಿ ಇಳಿಜಾರನ್ನೆಲ್ಲ ನೋಡಿದೆ. ಏನೂ ಇಲ್ಲ. ನನ್ನ ಸಾಕ್ಸಿನೊಳಗೆ ರಕ್ತ ಜಿನುಗುತ್ತಿತ್ತು, ಜಿಗಣೆ. ಕೆಳಗೆ ರಸ್ತೆಯಲ್ಲಿ ಆಫೀಸಿನ ಜೀಪು ಆಗಲೇ ಹಾರ್ನ್ ಹೊಡೆಯುತ್ತಿತ್ತು.

ಕುಶಾಲಪ್ಪ ತಲೆ ಓರೆ ಮಾಡಿ ನಿಂತಿದ್ದರು. "ಸಾರ್, ಇಲಿಹಕ್ಕಿ ಉಟ್ಟು," ಎಂದರು. ಉಟ್ಟು ಎಂದರೆ ಅವರ ಮಾತಿನಲ್ಲಿ ಇದೆ ಎಂದು ಅರ್ಥ.

"ಎಲ್ಲಿ?"

"ಕೆಳಗೆ, ತಗ್ಗಿಲಿ. ಕೇಳಿತ್."

"ನೋಡಿದ್ರಾ?"

"ಅದು ನೋಡಿಕೆ ಹೊರಗೆ ಬಾದುಲೆ ಸಾರ್," ಎಂದರು, ಬರುವುದಿಲ್ಲ ಎಂಬಂತೆ ಕೈ ಆಡಿಸಿ. "ಇಳ್ದು ಸುಮ್ನೆ ಕೂತ್ರೆ ಹುಲ್ಲಿನ ಸಂದಿಲಿ ಕಂಡದೆ. ಒಂದು ಬೀಡಿ ಎಳೆವಷ್ಟು ಹೊತ್ತು ಸಾಕು."

"ಭೀಮರಾಜ ಇರ್ಬೇಕು. ಅದು ಎಲ್ಲಾ ಹಕ್ಕಿ ಥರ ಕೂಗುತ್ತೆ."

ಅವರು ನನ್ನ ಮುಖ ನೋಡಿದರು. "ಭೀಮರಾಜಂಗೆ ಇಲ್ಲಿ ಎಂಥ ಕೆಲ್ಸ ಸಾರ್? ಕೂರಿಕೆ ಒಂದು ಮರ ಇಲ್ಲೆ."

ಉತ್ತರ ಇಲ್ಲದಾಗ ಓದಿದವರು ಮಾಡುವುದನ್ನೇ ಮಾಡಿದೆ, ದನಿ ಎತ್ತರಿಸಿದೆ. "ನೋಡಿ ಕುಶಾಲಪ್ಪ, ವಿಜ್ಞಾನ ಹಾಗೆಲ್ಲ ನಡೆಯಲ್ಲ. ಕೇಳಿದ್ದನ್ನ ಬರೀಲಿಕ್ಕೆ ಆಗಲ್ಲ."

"ಹಂಗಾದ್ರೆ ನನ್ನ ಹೆಸರು ಹಾಕಿ ಬರೀರಿ. ತಪ್ಪಾದ್ರೆ ಬೈಗುಳ ನನಗೆ ಬರ್ಲಿ."

"ನಿಮ್ಮ ಹೆಸರು ಹಾಕೋಕೆ ಇದರಲ್ಲಿ ಜಾಗ ಇಲ್ಲ."

ಇತ್ತು. 'ವೀಕ್ಷಕರು' ಎಂಬ ಕಲಂ ಇತ್ತು. ಅದರಲ್ಲಿ ಪದವಿ ಪಡೆದವರ ಹೆಸರನ್ನು ಮಾತ್ರ ಬರೆಯುವುದು ನಮ್ಮ ರೂಢಿ. ಹಾಳೆಯ ಮೇಲೆ ಹಾಗೆಂದು ಎಲ್ಲೂ ಅಚ್ಚಾಗಿರಲಿಲ್ಲ. ಮೂವತ್ತು ವರ್ಷ ನಮ್ಮನ್ನು ಕಾಡಿನಲ್ಲಿ ಸಾಯದಂತೆ ನೋಡಿಕೊಂಡ ಜನರ ಒಂದೇ ಒಂದು ಹೆಸರು ನಮ್ಮ ಯಾವ ವರದಿಯಲ್ಲೂ ಇಲ್ಲ. ಈಗ ಕೆಲಸಕ್ಕೆ ಸೇರುವವರು ನಿಮ್ಮ ಹಾಳೆಗಳನ್ನು ತೆಗೆದು ನೋಡಿ. ಇಂದಿಗೂ ಹಾಗೇ ಇದ್ದರೆ ನಾಚಿಕೆಪಡಿ.

ಇಲ್ಲಿಂದ ಮುಂದೆ ನನ್ನ ನೆನಪು ನಂಬುವ ಹಾಗಿಲ್ಲ. ಹಾಳೆಯನ್ನು ಬಂಡೆಯ ಮೇಲಿಟ್ಟು ಏನೋ ಬರೆದೆ, ತಗ್ಗಿಗೆ ಇಳಿಯಲಿಲ್ಲ, ಜೀಪು ಹತ್ತಿದೆವು. ಇಷ್ಟು ಖಚಿತ. ಬರೆದದ್ದು ಅಡ್ಡಗೆರೆ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಪೆನ್ನು ಎಡದಿಂದ ಬಲಕ್ಕೆ ಸರಿದದ್ದು ಕೂಡ ಕಣ್ಣಿಗೆ ಕಟ್ಟಿದಂತಿತ್ತು. ಕೆಲವು ತಿಂಗಳ ಮೇಲೆ ವರದಿ ಅಚ್ಚಾಗಿ ಬಂದಾಗ ಅದರಲ್ಲಿ ಸೊನ್ನೆ ಇತ್ತು. ಅದರ ಬಲದ ಮೇಲೆ ಒಂದನೇ ಬೋಳಿನವರೆಗೆ ಜೀಪು ದಾರಿ ಕಡಿದರು. ನಾನು ನಿರ್ದೇಶಕರ ಹೆಸರು ಹೇಳದೆ, ಆದರೆ ಎಲ್ಲರಿಗೂ ಗೊತ್ತಾಗುವಂತೆ, ಕಥೆ ಹೇಳಲು ಶುರು ಮಾಡಿದೆ.

ಪೊನ್ನಮ್ಮನ ಜೊತೆ ಬೆಟ್ಟ ಹತ್ತಿದ್ದು ಗುರುವಾರ ಬೆಳಿಗ್ಗೆ. ಒಂದನೇ ಬೋಳು ಈಗ ನಿಜಕ್ಕೂ ಬೋಳು. ಜೀಪುಗಳು ಒಂದರ ಬೆನ್ನಿಗೆ ಒಂದು. ಹುಲ್ಲು ಕೆಂಪು ಕೆಸರಾಗಿದೆ. ಚುರುಮುರಿಯ ಪೊಟ್ಟಣಗಳು, ಬಾಟಲಿಗಳು, ಮದುವೆಯ ಫೋಟೋ ತೆಗೆಸಿಕೊಳ್ಳುವ ಜೋಡಿಗಳು, ತಲೆಯ ಮೇಲೆ ಗುಂಯ್ ಎನ್ನುವ ಡ್ರೋನು. ಡ್ರೋನಿಗೆ ಹೆದರಿ ಸೆಳೆವ ಎಂಬ ಬೇಟೆಹಕ್ಕಿಯೊಂದು ಇಳಿಜಾರು ಬಿಟ್ಟು ಕೇರಳದ ಕಡೆಗೆ ಹೋಯಿತು. ಅದು ಎಲ್ಲಿಂದಲೋ ಸಾವಿರಾರು ಮೈಲಿ ಹಾರಿ ಚಳಿಗಾಲ ಕಳೆಯಲು ಬಂದದ್ದು. ಜೀಪಿನಿಂದ ಇಳಿದ ಒಬ್ಬ, "ವ್ಯೂ ಸೂಪರ್ ಆಗಿದೆ, ಆದ್ರೆ ಇಲ್ಲಿ ನೋಡ್ಲಿಕ್ಕೆ ಏನೂ ಇಲ್ಲ ಅಲ್ವಾ?" ಎಂದು ನನ್ನನ್ನೇ ಕೇಳಿದ. ಪೊನ್ನಮ್ಮ ತೋಳು ಹಿಡಿದು ಮುಂದೆ ಕರೆದುಕೊಂಡು ಹೋದಳು.

ಮೂರನೇ ಬೋಳಿಗೆ ಇನ್ನೂ ಕಾಲುದಾರಿಯೇ. ಅದೇ ಬಂಡೆ. ಹುಲ್ಲು ಗಾಳಿಗೆ ಒಮ್ಮೆ ಬೆಳ್ಳಗೆ ಒಮ್ಮೆ ಹಸಿರಾಗಿ ಮಗುಚುತ್ತಿತ್ತು. ಕಲ್ಲುಚಟಕವೊಂದು ಒಣ ಕಡ್ಡಿಯ ಮೇಲೆ ಕೂತು ಬಾಲ ಕುಣಿಸುತ್ತಿತ್ತು. ಬಂಡೆಗೆ ಒರಗಿ ಕೂತೆವು. ಆಗ ತಗ್ಗಿನಿಂದ ಕೇಳಿತು: ಕಲ್ಲಿಗೆ ಕಲ್ಲು ತಾಗಿಸಿದ ಹಾಗೆ ಚಕ್, ಚಕ್; ಹಿಂದೆಯೇ ತೆಳುವಾದ ಒಂದು ಸೀಟಿ.

ಪೊನ್ನಮ್ಮ ಫೋನು ಎತ್ತಿ ಹಿಡಿದಳು. ಈಗ ಫೋನೇ ಕೂಗು ಕೇಳಿ ಹಕ್ಕಿಯ ಹೆಸರು ಹೇಳುತ್ತದೆ. ಹುಲ್ಲುಹಕ್ಕಿ ಎಂದು ತೋರಿಸಿತು. ಅವಳ ಕಣ್ಣಲ್ಲಿ ನೀರು. ನನಗೋ ಆ ಕ್ಷಣ ಹಳೆಯ ಬೆಳಗು ಪೂರ್ತಿಯಾಗಿ ವಾಪಸು ಬಂತು. ಅಂದು ಕುಶಾಲಪ್ಪ ಕೇಳಿದ್ದನ್ನು ನಾನೂ ಕೇಳಿದ್ದೆ, ಇದೇ ಚಕ್, ಇದೇ ಸೀಟಿ. "ನಾನೂ ಕೇಳಿದ್ದೆ," ಎಂದೆ ಅವಳಿಗೆ. "ಪತ್ರದಲ್ಲಿ ಅದನ್ನೇ ಬರೀರಿ ಸರ್," ಎಂದಳು.

ಈ ಸಲ ಇಳಿದು ನೋಡೋಣ ಎಂದು ಇಬ್ಬರೂ ಇಳಿದೆವು. ತಗ್ಗಿನ ಅಂಚಿನಲ್ಲಿ, ಹುಲ್ಲು ತುಳಿದು ಮಾಡಿದ ಜಾಗದಲ್ಲಿ, ಪ್ರವಾಸಿಗಳನ್ನು ಹಕ್ಕಿ ತೋರಿಸಲು ಕರೆತರುವ ಗೈಡ್ ಒಬ್ಬ ಕೂತಿದ್ದ. ಪಕ್ಕದಲ್ಲಿ ಉದ್ದ ಲೆನ್ಸಿನ ಕ್ಯಾಮರಾ ಹಿಡಿದ ಇಬ್ಬರು. ಮುಂದೆ ಅಂಗೈಯಗಲದ ಸ್ಪೀಕರು. ಅದರಿಂದ ಚಕ್, ಚಕ್, ಸೀಟಿ.

ನಮ್ಮ ಫೋನು ಗುರುತಿಸಿದ್ದು ಅವನ ಸ್ಪೀಕರನ್ನು.

ನಾನು ಕೂಗಾಡಿದೆ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ, ನೆನಪಿರುವುದನ್ನು ಇಲ್ಲಿ ಬರೆಯುವಂತಿಲ್ಲ. ಸುಳ್ಳು ಕೂಗು ಕೇಳಿಸಿದರೆ ಗಂಡು ಹಕ್ಕಿ ತನ್ನ ಜಾಗಕ್ಕೆ ಇನ್ನೊಬ್ಬ ಬಂದನೆಂದು ಮೇವು ಬಿಟ್ಟು, ಮರಿ ಬಿಟ್ಟು ಜಗಳಕ್ಕೆ ಬರುತ್ತದೆ. ದಿನಕ್ಕೆ ಹತ್ತು ಸಲ ಹೀಗೆ ಮಾಡಿದರೆ ಜಾಗ ಬಿಟ್ಟೇ ಹೋಗುತ್ತದೆ. ಇದನ್ನು ಹೇಳಿದೆ. ಗೈಡ್ ಸ್ಪೀಕರು ಆರಿಸಿ, ಸಮಾಧಾನವಾಗಿ ಎದ್ದು ನಿಂತ.

"ಯಾವ ಹಕ್ಕಿಗೆ ಸಾರ್ ತೊಂದರೆ?"

"ಹುಲ್ಲುಹಕ್ಕಿಗೆ!"

"ಅದು ಇಲ್ಲಿ ಇಲ್ಲವಲ್ಲ. ಸರ್ವೆ ಮಾಡಿದ ದೊಡ್ಡ ದೊಡ್ಡ ಸಾರ್‌ಗಳು ಸೊನ್ನೆ ಅಂತ ಬರೆದು ಕೊಟ್ಟಿದ್ದಾರೆ. ಆಫೀಸಲ್ಲಿ ನಂಗೆ ತೋರ್ಸಿದ್ದಾರೆ. ಇಲ್ಲದ ಹಕ್ಕಿಗೆ ನಾನು ಎಂಥ ತೊಂದರೆ ಕೊಡ್ಲಿ?"

ಕ್ಯಾಮರಾದವರು ನಕ್ಕರು. ಪೊನ್ನಮ್ಮ ಬಾಯಿ ತೆರೆದಳು. ನಾನು ಬೇಡವೆಂದು ಸನ್ನೆ ಮಾಡಿದೆ. ಅವನು ಹೇಳಿದ ದೊಡ್ಡ ಸಾರ್ ನಾನೇ.

ಇಳಿಯುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಸ್ಪೀಕರಿನ ಸದ್ದು ಕೇಳಿ, 'ಅಂದು ನಾನೂ ಕೇಳಿದ್ದೆ' ಎಂಬ ನೆನಪು ಹುಟ್ಟಿತಲ್ಲ, ಅದು ಎಷ್ಟು ಗಟ್ಟಿ? ಆ ಕೂಗಿನ ಧ್ವನಿಮುದ್ರಣವನ್ನು ನಾನು ಆಮೇಲಿನ ವರ್ಷಗಳಲ್ಲಿ ಸಾವಿರ ಸಲ ಕೇಳಿದ್ದೇನೆ. ಅದರ ತುಂಡೊಂದನ್ನು ಕತ್ತರಿಸಿ ಆ ಬೆಳಗಿಗೆ ಅಂಟಿಸಿಕೊಂಡಿರುವುದು ಕಷ್ಟವೇನಲ್ಲ. ಹಾಗಾದರೆ ಎಡದಿಂದ ಬಲಕ್ಕೆ ಸರಿದ ಪೆನ್ನು?

ಮನೆಗೆ ಬಂದವನೇ ಅಟ್ಟದಿಂದ ತಗಡಿನ ಟ್ರಂಕ್ ಇಳಿಸಿದೆ. ಹೆಂಡತಿ ಸರೋಜ ಬಾಗಿಲಲ್ಲಿ ನಿಂತು ನೋಡಿದಳು.

"ಗೆದ್ದಲು ತಿಂದಿದೆ ಅಂತ ಆ ಹುಡುಗಿಗೆ ಹೇಳ್ತಿದ್ರಿ?"

"ತಿಂದಿರಬಹುದು."

"ಗೆದ್ದಲಿಗೆ ಬೀಗ ಹಾಕಿಟ್ಟಿದ್ರಾ? ಕೀಲಿ ನಿಮ್ಮ ಜನಿವಾರಕ್ಕೆ ಕಟ್ಟಿಕೊಳ್ಳೋ ಅಂಥ ಗುಟ್ಟು ಏನಿದೆ ಅದರಲ್ಲಿ?" ನಮಗೆ ಜನಿವಾರವೇ ಇಲ್ಲ, ಅವಳ ಕುಹಕ ಹಾಗೆ. ಕೀಲಿ ಅವಳೇ ತಂದು ಕೊಟ್ಟಳು, ನಾನು ಎಲ್ಲಿ ಬಚ್ಚಿಟ್ಟಿದ್ದೆನೋ ಅಲ್ಲಿಂದಲೇ.

ಹಾಳೆಗಳೆಲ್ಲ ಇದ್ದವು. ಕಾರ್ಬನ್ನಿನ ನೀಲಿ ಸ್ವಲ್ಪವೂ ಮಾಸಿರಲಿಲ್ಲ. ಮೂರನೇ ಬೋಳು, ಮೊದಲ ದಿನ: ಅಡ್ಡಗೆರೆ. ಎರಡನೇ ದಿನ: ಅಡ್ಡಗೆರೆ. ಮೂರನೇ ದಿನ: ಅಡ್ಡಗೆರೆ. ನಾಲ್ಕನೇ ದಿನ: ಸೊನ್ನೆ. ದುಂಡಗೆ, ಒತ್ತಿ ಬರೆದದ್ದು. ಎಷ್ಟು ಒತ್ತಿದ್ದೆ ಎಂದರೆ ಕೆಳಗಿನ ಕಾಗದ ಆ ಜಾಗದಲ್ಲಿ ತೂತಾಗಿತ್ತು. ನನ್ನದೇ ಕೈ. ನನ್ನದೇ ಸಹಿ.

ಅಡ್ಡಗೆರೆಯ ನೆನಪು ಸುಳ್ಳಲ್ಲ, ನೋಡಿ. ಮೂರು ದಿನ ಎಳೆದಿದ್ದೆ. ನಾಲ್ಕನೇ ದಿನಕ್ಕೂ ಅದನ್ನೇ ಹೊದಿಸಿಕೊಂಡಿದ್ದೆ, ಅಷ್ಟೇ. ಮತ್ತು ನನಗೆ ವ್ಯತ್ಯಾಸ ಗೊತ್ತಿತ್ತು. ಗೊತ್ತಿದ್ದೇ ಸೊನ್ನೆ ಬರೆದಿದ್ದೆ, ಯಾಕೆಂದರೆ ಒಬ್ಬ ಮನುಷ್ಯ ನನಗೆ ಎದುರುತ್ತರ ಕೊಟ್ಟಿದ್ದ, ಆ ಉತ್ತರ ಸರಿಯಾಗಿತ್ತು. ನಿರ್ದೇಶಕರ ಮೇಲೆ ಸಿಟ್ಟಾಗಲು ಬೇರೆ ಕಾರಣಗಳು ಬೇಕಾದಷ್ಟಿವೆ, ಅವನ್ನು ಬಿಡುವುದಿಲ್ಲ. ಈ ಒಂದು ಮಾತ್ರ ಅವರದ್ದಲ್ಲ. ಇಷ್ಟು ವರ್ಷ ಅವರ ತಲೆಗೆ ಕಟ್ಟಿದ್ದೆ.

ಪೊನ್ನಮ್ಮನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಮೇಲೆ ಕೇಳಿದಳು, "ಹಾಗಾದ್ರೆ ಈ ಹಾಳೆ ಅವರಿಗೇ ಅನುಕೂಲ. ಅಲ್ವಾ ಸರ್?"

"ಹೌದು."

"ನೀವು ಕೇಳಿದ್ದೆ ಅಂದ್ರಲ್ಲ. ಅದನ್ನಾದ್ರೂ..."

"ಕೇಳಿದ್ದೆನೋ ಇಲ್ವೋ ನನಗೇ ಗೊತ್ತಿಲ್ಲ. ಅದಕ್ಕೆ ಸಹಿ ಹಾಕಲ್ಲ. ಕೇಳಿದವರು ಬೇರೆ ಇದ್ದಾರೆ. ನಾಳೆ ಕರಿಕೆಗೆ ಹೋಗೋಣ."

ಕುಶಾಲಪ್ಪನವರ ಮನೆ ರಸ್ತೆಯಿಂದ ಕೆಳಗೆ, ತೊರೆ ದಾಟಿ. ಅವರು ಜಗಲಿಯಲ್ಲಿ ಕೂತು ಕಾಳುಮೆಣಸಿನ ಗೊನೆ ಬಿಡಿಸುತ್ತಿದ್ದರು. ತೀರಾ ಸಣ್ಣಗಾಗಿದ್ದರು. ನಾನು ನಮಸ್ಕಾರ ಎಂದೆ. ತಲೆ ಎತ್ತಲಿಲ್ಲ. ಸೊಸೆ ಲೀಲಾವತಿ ಒಳಗಿನಿಂದ ಬಂದಳು. "ಮಾವನಿಗೆ ಕಿವಿ ಪೂರಾ ಹೋಗಿದೆ ಸಾರ್. ಹತ್ತಿರ ಹೋಗಿ ಬಾಯಿ ಕಾಣೋ ಹಾಗೆ ಜೋರಾಗಿ ಹೇಳಿ."

ಇಲಿಹಕ್ಕಿಯನ್ನು ಕೇಳಿದ ಆ ಕಿವಿ.

ಅವರಿಗೆ ನನ್ನ ಗುರುತು ಸಿಕ್ಕಿತು. ಖುಷಿಯೇನೂ ಆಗಲಿಲ್ಲ. "ಜೀಪಿನ ಸಾರ್," ಎಂದರು ಸೊಸೆಗೆ. "ಇಳಿಯದ ಸಾರ್."

ನಾನು ಎದುರಿಗೆ ಕೂತು, ಕಾರ್ಬನ್ ಪ್ರತಿಯನ್ನು ತೋರಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದೆ. ಅವರು ಹಾಳೆಯನ್ನು ದೂರ ಹಿಡಿದು ನೋಡಿದರು.

"ಇದು ನಂಗೆ ಗೊತ್ತುಟ್ಟು. ನೀವು ಬರೆಯುವಾಗ ಪಕ್ಕದಲ್ಲೇ ಇದ್ದೆ. ಓದಿಕೆ ಬಾದುಲೆ ಸಾರ್ ನಂಗೆ. ಸೊನ್ನೆ ಗೊತ್ತಾಗದೆ ಇದ್ದದೆಯಾ?"

"ಆಗ ಯಾಕೆ ಹೇಳಲಿಲ್ಲ?"

"ಹೇಳಿದ್ದರಲ್ಲಿ ನೀವು ಎಂಥ ಬರೆದ್ರಿ?" ಗೊನೆಯಿಂದ ಕೈ ತೆಗೆದರು. ದನಿ ಏರಿತು. ಕಿವಿ ಕೇಳದವರ ಸಿಟ್ಟಿಗೆ ಅಳತೆ ಇರುವುದಿಲ್ಲ, ತೊರೆಯಾಚೆಗೂ ಕೇಳಿಸಿರಬೇಕು. "ದಾರಿ ತೋರ್ಸಿದ್ದು ನಾನು, ನಿಮ್ಮ ಚೀಲ ಹೊತ್ತದ್ದು ನಾನು, ಹಕ್ಕಿ ಉಟ್ಟು ಅಂತ ಹೇಳ್ದು ನಾನು. ಆ ಬೆಟ್ಟಲಿ ಈಗ ಜೀಪು ಓಡ್ತದೆ. ನಮ್ಮ ಹಟ್ಟಿಯ ದನ ಮೇಯಿಸಿಕೆ ಅಲ್ಲಿಗೆ ಬಿಡುದುಲೆ, ಹಕ್ಕಿಗೆ ತೊಂದರೆ ಅಂತ! ಜೀಪು ಬಿಡ್ತಾರೆ. ಈಗ ಬಂದಿದ್ದೀರಿ ಕಾಗದ ಹಿಡ್ಕಂಡು!"

"ಮಾವ, ಮೆಲ್ಲಗೆ," ಎಂದಳು ಲೀಲಾವತಿ.

"ಮೆಲ್ಲಗೆ ಹೇಳಿ ಹೇಳಿಯೇ ಹಿಂಗಾದ್ದು."

ಪೊನ್ನಮ್ಮ ತಲೆ ತಗ್ಗಿಸಿ ಕೂತಿದ್ದಳು. ನಾನು ಅವರ ಮಾತು ಮುಗಿಯುವವರೆಗೆ ಕಾದೆ. ಆಮೇಲೆ ಹೊಸ ಕಾಗದ ತೆಗೆದು, ಹಳೆಯ ಹಾಳೆಯದೇ ಕಲಂಗಳನ್ನು ಎಳೆದು, ಅವರ ಎದುರಿಗೇ ಬರೆದೆ. ಲೀಲಾವತಿ ಒಂದೊಂದೇ ಸಾಲನ್ನು ಅವರ ಮುಖಕ್ಕೆ ಮುಖ ಕೊಟ್ಟು ಕೂಗಿ ಹೇಳಿದಳು. ಹಾಳೆಯಲ್ಲಿರುವ ಸೊನ್ನೆ ನಾನು ಬರೆದದ್ದು, ಬೇರೆ ಯಾರೂ ತಿದ್ದಿದ್ದಲ್ಲ. ಅಂದು ತಗ್ಗಿಗೆ ಇಳಿಯದೆ ಬರೆದೆ. ಜೊತೆಗಿದ್ದವರು ಹಕ್ಕಿ ಇದೆ ಎಂದು ಸ್ಪಷ್ಟವಾಗಿ ಹೇಳಿದರು, ನಾನು ದಾಖಲಿಸಲು ನಿರಾಕರಿಸಿದೆ. ಆದ್ದರಿಂದ ಆ ಸೊನ್ನೆಗೆ ಬೆಲೆಯಿಲ್ಲ. ಮೇಲೆ, ವೀಕ್ಷಕರು ಎಂಬಲ್ಲಿ: ಕುಶಾಲಪ್ಪ, ಕರಿಕೆ.

"ಜಿಗಣೆ ಕಚ್ಚಿತ್ ಅಂತ್ಲೂ ಬರೀರಿ," ಎಂದರು ಕುಶಾಲಪ್ಪ. "ಅದ್ಕೇ ಇಳಿಲೆ ನೀವು."

ಬರೆದೆ. ಪೊನ್ನಮ್ಮ ಮೊದಲ ಸಲ ನಕ್ಕಳು.

"ಕಿವುಡನೊಬ್ಬ ಹಕ್ಕಿ ಕೂಗು ಕೇಳಿದ ಅಂತ ನಗುದಿಲ್ಲೆಯಾ ವಿಚಾರಣೆಲಿ ಅವು?" ಎಂದರು ಕುಶಾಲಪ್ಪ.

"ನಗಲಿ. ನಾನು ಅಲ್ಲೇ ಇರ್ತೇನೆ," ಎಂದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು.

ಇನ್ನು ಒಂದೇ ಕಲಂ ಉಳಿದಿತ್ತು, ಸಂಖ್ಯೆ. ಅಭ್ಯಾಸಬಲದಿಂದ ಒಂದು ಎಂದು ಬರೆಯಲು ಹೊರಟವನು ನಿಂತೆ. ಬೆರಳು ಮಡಚಿ ಬಿಚ್ಚಿ, "ಎಷ್ಟು?" ಎಂದು ಕೇಳಿದೆ.

ಅವರು ಕಾಳುಮೆಣಸಿನ ಕಪ್ಪು ಮೆತ್ತಿದ ಎರಡು ಬೆರಳು ಎತ್ತಿದರು. "ಎರಡು. ಒಂದು ತಗ್ಗಿಲಿ ಕೂಗಿತ್, ಒಂದು ಆಚೆ ಬದಿಂದ ಮರುಮಾತು ಕೊಟ್ಟಿತ್. ಗಂಡು ಹೆಣ್ಣು. ಪ್ರತಿ ವರ್ಷ ಅಲ್ಲೇ ಇರ್ತಿದ್ದೊ." ಕೈ ಇಳಿಸಿ ಸೇರಿಸಿದರು, "ಎಷ್ಟು ಅಂತ ನೀವು ಅವತ್ತು ಕೇಳ್ಲೇ ಇಲ್ಲೆ."

ಪೊನ್ನಮ್ಮ ನನ್ನ ಕಡೆ ತಿರುಗಿದಳು. ಒಂಟಿ ಹಕ್ಕಿ ದಾರಿ ತಪ್ಪಿ ಬಂದಿರಬಹುದು. ಜೋಡಿ ದಾರಿ ತಪ್ಪುವುದಿಲ್ಲ, ಜೋಡಿ ಎಂದರೆ ಮನೆ.

ನನ್ನ ನೆನಪನ್ನೇ ನಂಬದವನು ಅವರ ನೆನಪನ್ನು ಹೇಗೆ ನಂಬಿದೆ ಎಂದು ನೀವು ಕೇಳಬೇಕು. ಕೇಳಿ. ನಾನು ನಂಬಿದೆನೆಂದು ಬರೆಯಲಿಲ್ಲ. ಅವರು ಹೇಳಿದ್ದನ್ನು ಅವರು ಹೇಳಿದ್ದೆಂದು, ಇಷ್ಟು ವರ್ಷದ ಮೇಲೆ ನೆನಪಿನಿಂದ ಹೇಳಿದ್ದೆಂದು ಬರೆದೆ. ಸುಳ್ಳೋ ನಿಜವೋ ವಿಚಾರಣೆಯವರು ತೂಗಲಿ, ಬೇಕಾದರೆ ನನ್ನನ್ನು ಎದ್ದು ನಿಲ್ಲಿಸಲಿ. ಅಂದು ಬಂಡೆಯ ಮೇಲೆ ಮಾಡಬೇಕಾಗಿದ್ದೂ ಇಷ್ಟೇ. ಅದಕ್ಕೆ ಎಂ.ಎಸ್ಸಿ. ಬೇಕಾಗಿರಲಿಲ್ಲ.

ಹಳೆಯ ಹಾಳೆಯ ಸೊನ್ನೆಯನ್ನು ಹೊಡೆದುಹಾಕಲಿಲ್ಲ. ಅದೂ ಪುರಾವೆಯೇ, ನನ್ನ ಬಗ್ಗೆ. ಹೊಸ ಕಾಗದದಲ್ಲಿ ಹಕ್ಕಿಯ ಹೆಸರಿನ ಮುಂದೆ 'ಕೇ' ಎಂದು ಬರೆದೆ, ಮಾಕುಟ್ಟದ ನಂತರ ಮೊದಲ ಸಲ. ಅದರ ಪಕ್ಕದಲ್ಲಿ ಎರಡು ಎಂದು ಬರೆದು, ಕಾಗದವನ್ನು ಕುಶಾಲಪ್ಪನವರ ಕಡೆ ತಿರುಗಿಸಿದೆ. ಅವರು ಬೆರಳನ್ನು ಪಂಚೆಗೆ ಚೆನ್ನಾಗಿ ಒರೆಸಿಕೊಂಡು, ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ಕೇಳಿದರು.

ವೀಕ್ಷಕರು ಎಂದು ಇರುವಲ್ಲಿ ತೋರಿಸಿದೆ.